ಸೀಲಂಟ್ ತುಂಬಿಸಿದ್ದೇವೆ ಎಂಬ ಮಾತನ್ನು ನಂಬಿ ಹೊರಡಬೇಡಿ

ಟ್ಯೂಬ್‌ಲೆಸ್ ಟಯರಿನ ಸೈಕಲಿನಲ್ಲಿ ಕಾಸರಗೋಡಿನ ಒಳರಸ್ತೆಗಳಿಗೆ ಹೊರಡುವವರು ದಯವಿಟ್ಟು ಇದನ್ನು ಓದಿಕೊಳ್ಳಬೇಕು. ಕಳೆದ ಬೇಸಗೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋಗುತ್ತಿದ್ದಾಗ ನನ್ನ ಸೈಕಲಿನ ಹಿಂದಿನ ಟಯರಿಗೆ ಮುಳ್ಳು ಚುಚ್ಚಿತು. ಸೀಲಂಟ್, ಅಂದರೆ ತೂತು ಮುಚ್ಚಲೆಂದು ಟಯರಿನೊಳಗೆ ತುಂಬಿಸುವ ದ್ರವ, ತಾನಾಗಿಯೇ ಮುಚ್ಚಬಹುದಾದಷ್ಟು ಸಣ್ಣ ತೂತು ಅದು. ಆದರೆ ಗಾಳಿಯಲ್ಲದೆ ಬೇರೇನೂ ಹೊರಬರಲಿಲ್ಲ. ಹೊರಡುವ ಮೊದಲು ಸರ್ವಿಸ್ ಮಾಡಿಕೊಟ್ಟ ಅಂಗಡಿಯವರು ಹೊಸ ಸೀಲಂಟಿಗೆಂದು ಹಣ ಪಡೆದಿದ್ದರು. ಟಯರ್ ಬಿಚ್ಚಿದಾಗ ಒಳಗೆ ಇದ್ದುದು ಹಳೆಯದರ ಒಣಗಿದ ಪೊರೆ ಮಾತ್ರ.

ಹೆಚ್ಚಿನ ಸೀಲಂಟ್‌ಗಳ ಮೂಲ ರಬ್ಬರ್ ಹಾಲು. ನಮ್ಮ ತೋಟಗಳ ಚಿರಟೆಯಲ್ಲಿ ಉಳಿದ ಹಾಲಿನಂತೆ ಅದೂ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ 2ರಿಂದ 6 ತಿಂಗಳು ಬಾಳುವ ಅದು ಸೆಕೆಯಲ್ಲಿ ಇನ್ನೂ ಬೇಗ ಒಣಗುತ್ತದೆ. ಆದ್ದರಿಂದ ಗಾಳಿ ಬಿಟ್ಟು, ವಾಲ್ವಿನ ಒಳತಿರುಳನ್ನು ತೆಗೆದು, ವಾಲ್ವ್ ಕೆಳಗೆ ಬರುವಂತೆ ಚಕ್ರವನ್ನು ತಿರುಗಿಸಿ, ತುಸು ಹೊತ್ತು ಬಿಟ್ಟು ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಒಳಗಿಳಿಸಿ ನೋಡಿ. ಅದರ ತುದಿ ಒದ್ದೆಯಾಗದಿದ್ದರೆ ಬಿಲ್ಲಿನಲ್ಲಿ ಏನೇ ಬರೆದಿರಲಿ, ಹೊರಡಬೇಡಿ.

ಹತ್ತಿರದ ಪಂಕ್ಚರ್ ಅಂಗಡಿಯಾತ ಸಹಾಯಕ್ಕೆ ಮನಃಪೂರ್ವಕ ಮುಂದಾದರೂ ಆತನ ಗಾಳಿ ಪೈಪು ಬೈಕಿನ ದಪ್ಪ ವಾಲ್ವಿಗೆ ಹೊಂದುವಂಥದ್ದು; ನನ್ನದು ತೆಳ್ಳನೆಯ ಪ್ರೆಸ್ಟಾ ವಾಲ್ವ್. ನಾಣ್ಯಕ್ಕಿಂತ ಚಿಕ್ಕದಾದ ಹಿತ್ತಾಳೆಯ ಅಡಾಪ್ಟರ್ ಒಂದಿದ್ದರೆ ಆ ತೊಡಕು ತೀರುತ್ತದೆ. ಬೈಕಿಗೆ ಬಳಸುವ ದಪ್ಪ ಪ್ಲಗ್ಗನ್ನು (ತೂತಿಗೆ ತುರುಕುವ ರಬ್ಬರ್ ಎಳೆ) ಮಾತ್ರ ಹಾಕಿಸಬೇಡಿ, ಅದರ ಸೂಜಿ ಸೈಕಲ್ ಟಯರಿನ ಸಣ್ಣ ತೂತನ್ನು ದೊಡ್ಡದು ಮಾಡಿಬಿಡುತ್ತದೆ.

ಕೊನೆಯ ಉಪಾಯವಾದ ಟ್ಯೂಬ್ ಚೀಲದಲ್ಲೇ ಇತ್ತು. ಆದರೆ ವಾಲ್ವಿನ ನಟ್ಟನ್ನು ಸರ್ವಿಸ್ ಮಾಡಿದ ಅಂಗಡಿಯಲ್ಲಿ ಇಕ್ಕಳದಿಂದ ಎಷ್ಟು ಬಿಗಿದಿದ್ದರೆಂದರೆ, ಬೆರಳಿಗೆ ಅದು ಅಲುಗಲೇ ಇಲ್ಲ. ವಾಲ್ವನ್ನು ತೆಗೆಯದೆ ಟ್ಯೂಬ್ ಹಾಕಲಾಗುವುದಿಲ್ಲ. ಪಂಕ್ಚರ್ ಅಂಗಡಿಯ ಇಕ್ಕಳದಿಂದ ಬಿಚ್ಚಿದ ಮೇಲೂ ಟಯರಿನ ಒಳಮೈಯನ್ನು ನಿಧಾನವಾಗಿ ತಡವಿ, ಮುರಿದುಳಿದಿದ್ದ ಮುಳ್ಳಿನ ತುದಿಗಳನ್ನು ಕಿತ್ತು ತೆಗೆಯಬೇಕಾಯಿತು. ಅವುಗಳನ್ನು ಬಿಟ್ಟಿದ್ದರೆ ಹೊಸ ಟ್ಯೂಬೂ ಸ್ವಲ್ಪ ದೂರದಲ್ಲೇ ತೂತಾಗುತ್ತಿತ್ತು.

ಮನೆಯಿಂದ ಹೊರಡುವ ಮುನ್ನ ವಾಲ್ವಿನ ನಟ್ಟನ್ನು ಕೈಯಿಂದಲೇ ಒಮ್ಮೆ ಸಡಿಲಿಸಿ, ಮತ್ತೆ ಕೈಬಿಗಿಯಷ್ಟೇ ಬಿಗಿಯಿರಿ. ಸೈಕಲ್ ಪ್ಲಗ್, ಟ್ಯೂಬ್, ಟಯರ್ ಲಿವರ್, ಪಂಪ್, ಅಡಾಪ್ಟರ್ ಇವಿಷ್ಟೂ ಚೀಲದಲ್ಲಿರಲಿ. ಗಾಳಿಗೆ ಇಂಗಾಲದ ಡೈಆಕ್ಸೈಡ್ ಡಬ್ಬಿಯೊಂದನ್ನೇ ನೆಚ್ಚಬೇಡಿ. ಅದು ಕೆಲವು ಸೀಲಂಟ್‌ಗಳನ್ನು ಹೆಪ್ಪುಗಟ್ಟಿಸುತ್ತದೆ. ಸರ್ವಿಸಿಗೆ ಕೊಟ್ಟಾಗ ಸೀಲಂಟನ್ನು ನಿಮ್ಮ ಕಣ್ಣೆದುರೇ ಅಳೆದು ಹಾಕುವಂತೆ ಕೇಳಿ, ಆ ದಿನಾಂಕವನ್ನು ರಿಮ್ಮಿನ ಮೇಲೆ ಚೀಟಿಯಲ್ಲಿ ಅಂಟಿಸಿಕೊಳ್ಳಿ.