ಡಾವಿಂಚಿ ರಿಸಾಲ್ವ್: ಏಳು ವರ್ಷ ಬಳಸಿದ ಮೇಲೆ ಒಬ್ಬ ಸಂಕಲನಕಾರನ ಅಭಿಪ್ರಾಯ

ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಕಲನದ ತಂತ್ರಾಂಶವನ್ನು ನಾನು ಮೊದಲು ಇಳಿಸಿಕೊಂಡದ್ದು 2018ರಲ್ಲಿ, ಅದರ 15ನೇ ಆವೃತ್ತಿ ಬಂದ ವರ್ಷ. ಉಚಿತವಾಗಿ ಸಿಗುತ್ತದೆ ಎಂಬುದನ್ನು ಬಿಟ್ಟರೆ ಆಗ ನನಗೆ ಬೇರೆ ಕಾರಣವಿರಲಿಲ್ಲ. ಅದಕ್ಕೂ ಮೊದಲು ಧಾರಾವಾಹಿಯ ಎಡಿಟಿಂಗ್ ಕೋಣೆಯಲ್ಲಿ, ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಉಳಿಯುವ ಇಪ್ಪತ್ತು ಚಿಲ್ಲರೆ ನಿಮಿಷಗಳನ್ನು ದಿನವೂ ತುಂಬಿಸಿಕೊಡುವ ಕೆಲಸವನ್ನು ಬೇರೊಂದು ತಂತ್ರಾಂಶದಲ್ಲಿ ಮಾಡುತ್ತಿದ್ದೆ. ಅದನ್ನು ಬಿಟ್ಟು ಸಾಕ್ಷ್ಯಚಿತ್ರಗಳಿಗೂ ಯಕ್ಷಗಾನ ಪ್ರದರ್ಶನಗಳ ದಾಖಲೀಕರಣಕ್ಕೂ ಬಂದಾಗ ಸ್ವಂತ ಕಂಪ್ಯೂಟರ್ ಕೊಂಡು ಕೈ ಖಾಲಿಯಾಗಿತ್ತು. ಮೂರು ವರ್ಷ ಉಚಿತ ಆವೃತ್ತಿಯಲ್ಲೇ ದುಡಿದು, 2021ರಲ್ಲಿ ಹಣ ಕೊಟ್ಟು ಸ್ಟುಡಿಯೋ ಆವೃತ್ತಿಯನ್ನು ತೆಗೆದುಕೊಂಡೆ. ಇದರ ಸೌಲಭ್ಯಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ. ಸಂಕಲನ ಮಾಡುವವನ ಕೈಗೂ ಕಣ್ಣಿಗೂ ಇದು ಹೇಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಈ ತಂತ್ರಾಂಶ ಹುಟ್ಟಿದ್ದು ಸಂಕಲನಕ್ಕಾಗಿ ಅಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಡಾವಿಂಚಿ ಎಂಬುದು ಬಣ್ಣ ತಿದ್ದುವ ದುಬಾರಿ ಯಂತ್ರಗಳನ್ನು ತಯಾರಿಸುತ್ತಿದ್ದ ಅಮೆರಿಕದ ಕಂಪನಿಯ ಹೆಸರು. ಅದನ್ನು 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕೊಂಡುಕೊಂಡಿತು. ಸಂಕಲನದ ಸಲಕರಣೆಗಳು ನಂತರದ ವರ್ಷಗಳಲ್ಲಿ ಒಂದೊಂದಾಗಿ ಬಂದವು. ಧ್ವನಿ ಮಿಶ್ರಣಕ್ಕಾಗಿ ಫೇರ್‌ಲೈಟ್ 2017ರಲ್ಲಿ, ದೃಶ್ಯ ಪರಿಣಾಮಗಳಿಗಾಗಿ ಫ್ಯೂಷನ್ 2018ರಲ್ಲಿ ಸೇರಿದವು. ಹೀಗಾಗಿ ಇಂದು ಒಂದೇ ತಂತ್ರಾಂಶದ ಕೆಳಗಿನ ಪಟ್ಟಿಯಲ್ಲಿ ಏಳು ಪುಟಗಳಿವೆ, ಅಂದರೆ ಕೆಲಸದ ಒಂದೊಂದು ಹಂತಕ್ಕೆ ಒಂದೊಂದು ಪರದೆ. ಈ ಏಳು ಪುಟಗಳೇ ಇದರ ದೊಡ್ಡ ಅನುಕೂಲ, ನನ್ನಂಥವರಿಗೆ ದೊಡ್ಡ ತೊಡಕು ಕೂಡ. ಆ ಮಾತಿಗೆ ಮತ್ತೆ ಬರುತ್ತೇನೆ.

ರಫ್ ಕಟ್, ಅಂದರೆ ಶಾಟ್‌ಗಳನ್ನು ಒರಟಾಗಿ ಜೋಡಿಸಿದ ಮೊದಲ ಕರಡು, ಕಟ್ಟುವ ಕೆಲಸ ಯಾವ ತಂತ್ರಾಂಶದಲ್ಲಾದರೂ ಸುಮಾರು ಒಂದೇ. ಅದನ್ನು ತಿದ್ದಲು ಕುಳಿತಾಗ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಇಳಕಲ್ಲಿನ ಒಬ್ಬ ನೇಕಾರರ ಸಂದರ್ಶನದಲ್ಲಿ, ಮಗ ಮಗ್ಗಕ್ಕೆ ಕೂರುತ್ತಾನೆಯೇ ಎಂದು ಕೇಳಿದಾಗ ಆ ಹಿರಿಯರು ನಾಲ್ಕು ಸೆಕೆಂಡಿನಷ್ಟು ಹೊತ್ತು ತಮ್ಮ ಕೈಯನ್ನೇ ನೋಡಿ, ಆಮೇಲೆ 'ಇಲ್ಲ' ಎಂದಿದ್ದರು. ಧಾರಾವಾಹಿಯ ಅಭ್ಯಾಸಬಲದಿಂದ ಮೊದಲ ಕಟ್‌ನಲ್ಲಿ ಆ ಮೌನವನ್ನು ನಾನು ಒಂದು ಸೆಕೆಂಡಿಗೆ ಇಳಿಸಿದ್ದೆ. ಉತ್ತರ ಉಳಿದಿತ್ತು, ಮನುಷ್ಯ ಕಾಣೆಯಾಗಿದ್ದ. ಇದನ್ನು ಸರಿಪಡಿಸುವಾಗ ನನಗೆ ಒದಗಿದ್ದು ಇದರ ಡೈನಾಮಿಕ್ ಟ್ರಿಮ್. ಡಬ್ಲ್ಯು ಕೀಲಿ ಒತ್ತಿದರೆ, ಸಾಮಾನ್ಯವಾಗಿ ಚಿತ್ರವನ್ನು ಹಿಂದೆ ಮುಂದೆ ಓಡಿಸುವ ಜೆ, ಕೆ, ಎಲ್ ಕೀಲಿಗಳು ಕಟ್ ಬಿಂದುವನ್ನೇ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗವನ್ನೇ, ಓಡಿಸತೊಡಗುತ್ತವೆ. ಮೌಸ್ ಹಿಡಿದು ಫ್ರೇಮ್ ಎಣಿಸುವ ಬದಲು, ಎದುರಿನವರ ಉಸಿರು ಕೇಳುತ್ತ, ಸಾಕು ಎನಿಸಿದಾಗ ಬೆರಳು ನಿಲ್ಲಿಸಬಹುದು. ಕೊನೆಗೆ ಆ ಮೌನ ನಾಲ್ಕು ಸೆಕೆಂಡಿಗೆ ಮರಳಲಿಲ್ಲ, ಮೂರಕ್ಕೆ ಸ್ವಲ್ಪ ಕಡಿಮೆ ನಿಂತಿತು. ಆ ಅಳತೆ ಲೆಕ್ಕದಿಂದಲ್ಲದೆ ಕಿವಿಯಿಂದ ಬಂದದ್ದು. ಧ್ವನಿಯನ್ನು ಮೊದಲು ತಂದು ಚಿತ್ರವನ್ನು ಆಮೇಲೆ ತರುವ ಕಟ್‌ಗಳಿಗೂ ಇದೇ ರೀತಿ ಒಳ್ಳೆಯದು. ಬೇರೆ ಯಾವ ಕಾರಣ ಇಲ್ಲದಿದ್ದರೂ ಇದೊಂದಕ್ಕಾಗಿ ನಾನು ಈ ತಂತ್ರಾಂಶದಲ್ಲಿ ಉಳಿಯುತ್ತಿದ್ದೆ.

ನನ್ನ ಎರಡನೆಯ ದೊಡ್ಡ ಕೆಲಸ ಯಕ್ಷಗಾನ. ಕಾಲಮಿತಿಯ ಪ್ರದರ್ಶನವೇ ಆದರೂ ಮೂರು ಕ್ಯಾಮೆರಾ, ಪ್ರತ್ಯೇಕ ಧ್ವನಿಮುದ್ರಣ ಯಂತ್ರ, ಒಟ್ಟು ನಾಲ್ಕು ಗಂಟೆಯ ಫುಟೇಜ್ ಕೈಗೆ ಬರುತ್ತದೆ. ಚಿತ್ರವನ್ನೂ ಧ್ವನಿಯನ್ನೂ ಆಮೇಲೆ ಹೊಂದಿಸಲು ಗುರುತಾಗುವಂತೆ ಕ್ಲಾಪ್ ಹೊಡೆಯುವ ಪ್ರಶ್ನೆಯೇ ಇಲ್ಲ. ರಿಸಾಲ್ವ್ ಧ್ವನಿಯ ಅಲೆಗಳನ್ನು ಹೋಲಿಸಿ ಮೂರೂ ಕ್ಯಾಮೆರಾಗಳನ್ನು ಸಿಂಕ್ ಮಾಡುತ್ತದೆ, ಅಂದರೆ ಒಂದೇ ಕ್ಷಣಕ್ಕೆ ಹೊಂದಿಸುತ್ತದೆ. ಚೆಂಡೆಯ ಪೆಟ್ಟು ಎಷ್ಟು ಸ್ಪಷ್ಟ ಎಂದರೆ ಅದಕ್ಕಿಂತ ಒಳ್ಳೆಯ ಕ್ಲಾಪ್ ಬೇಕಾಗಿಯೂ ಇಲ್ಲ. ಆದರೆ ಪ್ರತಿ ಯಂತ್ರದ ಒಳಗಡಿಯಾರವೂ ಕೂದಲೆಳೆಯಷ್ಟು ಬೇರೆಯಾಗಿ ಓಡುವುದರಿಂದ, ಗಂಟೆಗಟ್ಟಲೆ ಮುದ್ರಣದಲ್ಲಿ ತುಟಿಗೂ ಮಾತಿಗೂ ನಿಧಾನವಾಗಿ ಅಂತರ ಬೀಳುತ್ತದೆ, ಮತ್ತು ಅದನ್ನು ಯಾವ ತಂತ್ರಾಂಶವೂ ತಾನಾಗಿ ಊಹಿಸಿ ಸರಿಪಡಿಸುತ್ತದೆ ಎಂದು ನಂಬಿ ಕೂರಬಾರದು. ನಾನು ಪ್ರಸಂಗವನ್ನು ಸನ್ನಿವೇಶಗಳಾಗಿ ಒಡೆದು, ಒಂದೊಂದನ್ನೂ ಹೊಸದಾಗಿ ಸಿಂಕ್ ಮಾಡಿಕೊಳ್ಳುತ್ತೇನೆ.

ಆಮೇಲೆ ಮೂರೂ ಕೋನಗಳನ್ನು ಒಟ್ಟಿಗೆ ಓಡಿಸಿ, ನೋಡುತ್ತಲೇ ಕೋನ ಬದಲಿಸುತ್ತ ಹೋಗಬಹುದು. ಇದಕ್ಕೆ ಮಲ್ಟಿಕ್ಯಾಮ್ ಎನ್ನುತ್ತಾರೆ. ಇಲ್ಲಿ ಹೊಸಬರು ಮಾಡುವ ತಪ್ಪನ್ನು ನಾನೂ ಮಾಡಿದ್ದೇನೆ: ಚೆಂಡೆ ಏರಿದಂತೆ ಕಟ್ ಕೂಡ ಏರುತ್ತ, ಪೆಟ್ಟಿಗೊಂದು ಕೋನ. ನೋಡುಗರಿಗೆ ಕುಣಿಯುವವರ ಹೆಜ್ಜೆಯೇ ಸಿಗುವುದಿಲ್ಲ. ಈಗ ಕುಣಿತ ನಡೆಯುವಾಗ ಕಾಲು ಕಾಣುವ ಅಗಲ ಚೌಕಟ್ಟನ್ನು ಬಿಡುವುದಿಲ್ಲ. ಬಿಡ್ತಿಗೆ (ಕುಣಿತಕ್ಕೆ ಚೆಂಡೆ, ಮದ್ದಳೆ ನುಡಿಸುವ ಭಾಗ) ಮುಗಿದು ವೇಷಧಾರಿ ಮಾತಿಗೆ ತಿರುಗುವ ಕ್ಷಣಕ್ಕಾಗಿ ಕಾಯುತ್ತೇನೆ. ಎಲ್ಲ ಕೋನಗಳೂ ಸಿಂಕ್‌ನಲ್ಲಿ ಇರುವುದರಿಂದ, ಓಡುತ್ತ ಹಾಕಿದ ಕಟ್ ಅರ್ಧ ಸೆಕೆಂಡ್ ತಡವಾಗಿದ್ದರೆ ಬಿಂದುವನ್ನು ಹಿಂದಕ್ಕೆ ಉರುಳಿಸಿದರಾಯಿತು, ಭಾಗವತರ ಪದ ಅಲುಗಾಡುವುದಿಲ್ಲ.

ಏಳು ಪುಟಗಳಲ್ಲಿ ಒಂದಾದ, ಬೇಗನೆ ಸಂಕಲನ ಮಾಡಲೆಂದಿರುವ ಕಟ್ ಪುಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿನ್‌ನಲ್ಲಿರುವ (ಕ್ಲಿಪ್‌ಗಳನ್ನು ಇಡುವ ಫೋಲ್ಡರ್) ಎಲ್ಲ ಕ್ಲಿಪ್‌ಗಳನ್ನು ಒಂದೇ ಉದ್ದದ ಟೇಪಿನಂತೆ ತೋರಿಸುವ ಅದರ 'ಸೋರ್ಸ್ ಟೇಪ್' ಮಾತ್ರ ನನಗೆ ಪ್ರಿಯ, ಏಕೆಂದರೆ ಕ್ಲಿಪ್ಪಿನ ಹೆಸರು ನೋಡಿ ಆರಿಸುವ ಬದಲು ಚಿತ್ರೀಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡುವಂತೆ ಅದು ಮಾಡುತ್ತದೆ. ಸ್ಟುಡಿಯೋ ಆವೃತ್ತಿಯ ಜೊತೆ ಕೊಡುಗೆಯಾಗಿ ಬಂದ ಸ್ಪೀಡ್ ಎಡಿಟರ್ ಎಂಬ ಚಿಕ್ಕ ಕೀಲಿಮಣೆಯ ಲೋಹದ ಚಕ್ರ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮುಖ್ಯ ಸಂಕಲನ ನಡೆಯುವ ಎಡಿಟ್ ಪುಟಕ್ಕೆ ಬಂದರೆ ಸಾಮಾನ್ಯ ಕೀಲಿಮಣೆಯೇ ನನಗೆ ಸಾಕು.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಟೈಮ್‌ಲೈನ್‌ನಲ್ಲಿ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಫುಟೇಜ್ ಇಟ್ಟ ಮೇಲೆ ಅದರ ಫ್ರೇಮ್ ದರ ಬದಲಾಗುವುದಿಲ್ಲ. ಆದ್ದರಿಂದ ಮೊದಲ ಕ್ಲಿಪ್ ಎಳೆಯುವ ಮುನ್ನವೇ 24 ಬೇಕೋ 25 ಬೇಕೋ ನಿರ್ಧರಿಸಬೇಕು. ಹೊಸ ಆವೃತ್ತಿಗೆ ಏರಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ. ಕೆಲಸದ ನಡುವೆ ನವೀಕರಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಜೆಕ್ಟ್ ನಿಮ್ಮ ಫುಟೇಜ್ ಫೋಲ್ಡರಿನಲ್ಲಿ ಒಂದು ಫೈಲ್ ಆಗಿ ಕೂತಿರುವುದಿಲ್ಲ, ಅದು ತಂತ್ರಾಂಶದ ಡೇಟಾಬೇಸ್‌ನಲ್ಲಿರುತ್ತದೆ. 2019ರಲ್ಲಿ ನಾನು ಇದನ್ನು ಗಮನಿಸದೆ, ಫುಟೇಜ್ ಬೇರೆ ಡಿಸ್ಕಿನಲ್ಲಿ ಭದ್ರವಾಗಿದೆ ಎಂಬ ನೆಮ್ಮದಿಯಲ್ಲಿ ವಿಂಡೋಸ್ ಅನ್ನು ಹೊಸದಾಗಿ ಹಾಕಿದೆ. ಫುಟೇಜ್ ಉಳಿಯಿತು, ಹನ್ನೊಂದು ದಿನ ಕೂತು ಮಾಡಿದ ಸಂಕಲನ ಹೋಯಿತು. ತಪ್ಪು ಪೂರ್ತಿಯಾಗಿ ನನ್ನದು. ಅಂದಿನಿಂದ ದಿನದ ಕೆಲಸ ಮುಗಿದ ಕೂಡಲೇ ಪ್ರಾಜೆಕ್ಟನ್ನು ಡಿಆರ್‌ಪಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಡುತ್ತೇನೆ. ಕೆಲವೇ ಎಂಬಿ ಗಾತ್ರದ ಫೈಲ್ ಅದು.

ಈಗ ಏಳು ಪುಟಗಳ ಮಾತು. ಒಂದೇ ಕಡೆ ಬಣ್ಣ, ಧ್ವನಿ, ಪರಿಣಾಮ ಎಲ್ಲವೂ ಇರುವುದರಿಂದ ಫೈಲ್ ಕಳಿಸುವ, ತರಿಸಿಕೊಳ್ಳುವ ಗೋಜು ತಪ್ಪಿದೆ ಎಂಬುದು ನಿಜ. ಆದರೆ ನಮ್ಮ ಸಣ್ಣ ಬಜೆಟ್ಟಿನ ನಿರ್ಮಾಣಗಳಲ್ಲಿ ಅದರ ಇನ್ನೊಂದು ಪರಿಣಾಮವನ್ನು ನಾನು ಪದೇ ಪದೇ ಕೇಳಿದ್ದೇನೆ: "ಹೇಗೂ ಎಲ್ಲ ಒಂದರಲ್ಲೇ ಇದೆಯಲ್ಲ ಸರ್, ಕಲರೂ ನೀವೇ ಮಾಡಿಬಿಡಿ." ಸಂಭಾವನೆ ಅಷ್ಟೇ ಇರುತ್ತದೆ. ಬಣ್ಣ ತಿದ್ದುವವರ ಕಣ್ಣು, ಧ್ವನಿ ಮಿಶ್ರಣ ಮಾಡುವವರ ಕಿವಿ ವರ್ಷಗಟ್ಟಲೆ ಪಳಗಿದವು. ಪುಟ ತೆರೆದ ಮಾತ್ರಕ್ಕೆ ನನಗೆ ಅವು ಬರುವುದಿಲ್ಲ. ವೇದಿಕೆಯ ನೀಲಿ ಎಲ್‌ಇಡಿ ಬೆಳಕಿನಲ್ಲಿ ಮುಖವರ್ಣಿಕೆಯ ಹಳದಿಯನ್ನು ಉಳಿಸಿಕೊಳ್ಳಲು ನಾನು ಒಂದು ದಿನ ಒದ್ದಾಡಿದ ದೃಶ್ಯವನ್ನು ಆ ಕಸುಬಿನವರೊಬ್ಬರು ನನ್ನ ಎದುರೇ ಅರ್ಧ ಗಂಟೆಯಲ್ಲಿ ಸರಿಮಾಡಿದರು.

ಇದಕ್ಕಿಂತ ಗಂಭೀರವಾದದ್ದು ಸಂಕಲನಕ್ಕೇ ಆಗುವ ಹಾನಿ. ಒಂದು ಶಾಟ್‌ಗೆ ಎರಡು ಗಂಟೆ ಕೂತು ಬಣ್ಣ ಕೊಟ್ಟ ಮೇಲೆ ಅದನ್ನು ತೆಗೆದುಹಾಕಲು ಮನಸ್ಸು ಬರುವುದಿಲ್ಲ, ಕಥೆಗೆ ಅದು ಬೇಡವಾಗಿದ್ದರೂ ಸರಿ. ಹೀಗೆ ಬೇಡದ ಶಾಟ್‌ಗಳು ಉಳಿದುಕೊಂಡ ಒಂದು ಸಾಕ್ಷ್ಯಚಿತ್ರ ನನ್ನ ಹೆಸರಿನಲ್ಲಿದೆ, ಅದನ್ನು ಈಗ ನೋಡುವಾಗ ಸಂಕಟವಾಗುತ್ತದೆ. ಆದ್ದರಿಂದ ಪಿಕ್ಚರ್ ಲಾಕ್ ಆಗುವವರೆಗೆ, ಅಂದರೆ ಇನ್ನು ಯಾವ ಕಟ್ಟೂ ಬದಲಾಗದು ಎಂದು ತೀರ್ಮಾನವಾಗುವವರೆಗೆ, ನಾನು ಕಲರ್ ಪುಟವನ್ನು ತೆರೆಯುವುದಿಲ್ಲ. ನೋಡಲು ಹದವಾಗಿರಲೆಂದು ಎಲ್ಲ ಕ್ಲಿಪ್‌ಗಳಿಗೂ ಒಂದೇ ಲಟ್ (ಬಣ್ಣ ಬದಲಿಸುವ ಸಿದ್ಧ ಸೂತ್ರದ ಫೈಲ್) ಹಾಕಿ ಬಿಡುತ್ತೇನೆ. ಎಸ್ಟಿಮೇಟ್ ಬರೆಯುವಾಗಲೂ ಸಂಕಲನ, ಬಣ್ಣ, ಧ್ವನಿ ಎಂದು ಮೂರು ಸಾಲು ಮಾಡಿ ಮೂರು ಮೊತ್ತ ಬರೆಯುತ್ತೇನೆ. ಸಾಧ್ಯವಾದಾಗಲೆಲ್ಲ ಧ್ವನಿಯನ್ನು ಎಎಎಫ್ ಆಗಿ (ಬೇರೆ ತಂತ್ರಾಂಶದಲ್ಲೂ ತೆರೆಯಬಹುದಾದ ಫೈಲ್ ಮಾದರಿ) ಹೊರತೆಗೆದು ಮಿಶ್ರಣ ಬಲ್ಲವರಿಗೆ ಕೊಡುತ್ತೇನೆ.

ಕೊಳ್ಳಬೇಕೆಂದಿರುವವರಿಗೆ: ಉಚಿತ ಆವೃತ್ತಿ ಸೆಕೆಂಡಿಗೆ 60 ಫ್ರೇಮಿನವರೆಗೆ ಅಲ್ಟ್ರಾ ಎಚ್‌ಡಿ ಗಾತ್ರದ ಚಿತ್ರ ಕೊಡುತ್ತದೆ, ವಾಟರ್‌ಮಾರ್ಕ್ ಹಾಕುವುದಿಲ್ಲ, ನಾನು ಮೇಲೆ ಹೇಳಿದ ಟ್ರಿಮ್ ಮತ್ತು ಮಲ್ಟಿಕ್ಯಾಮ್ ಎರಡೂ ಅದರಲ್ಲಿವೆ. ಕಲಿಯುವವರು ಅದರಲ್ಲೇ ವರ್ಷಗಟ್ಟಲೆ ಇರಬಹುದು. ಕಡಿಮೆ ಬೆಳಕಿನ ಫುಟೇಜ್‌ನ ಕಣಗಳನ್ನು ಅಳಿಸುವ ನಾಯ್ಸ್ ರಿಡಕ್ಷನ್‌ಗಾಗಿ ನಾನು ಸ್ಟುಡಿಯೋಗೆ ಹೋದೆ. ರಾತ್ರಿಯ ಪ್ರದರ್ಶನಗಳಿಗೆ ಅದು ಬೇಕೇ ಬೇಕು. ಅದರ ಬೆಲೆ 295 ಡಾಲರ್, ಒಂದೇ ಸಲ ಕೊಡುವುದು. ತಿಂಗಳ ಬಾಡಿಗೆಯಿಲ್ಲ, 2021ರ ನಂತರ ಬಂದ ಹೊಸ ಆವೃತ್ತಿಗಳಿಗೆ ನಾನು ಮತ್ತೆ ಹಣ ಕೊಟ್ಟಿಲ್ಲ. ಇದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೆಚ್ಚು ಭಾರ ಹಾಕುವ ತಂತ್ರಾಂಶವಾದ್ದರಿಂದ, ಕೈಯಲ್ಲಿರುವ ಹಣ ಸೀಮಿತವಾಗಿದ್ದರೆ ಮೊದಲು 8 ಜಿಬಿಯ ಕಾರ್ಡ್ ಕೊಂಡು, ಸ್ಟುಡಿಯೋ ಪರವಾನಗಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಫುಟೇಜ್‌ಗೆ ಪ್ರಾಕ್ಸಿ (ಹಗುರವಾದ ಚಿಕ್ಕ ನಕಲು) ಮಾಡಿಕೊಂಡು ಕೆಲಸ ಮಾಡಿದರೆ ಹಳೆಯ ಕಂಪ್ಯೂಟರಿನಲ್ಲೂ ಸಂಕಲನ ತಡೆಯಿಲ್ಲದೆ ನಡೆಯುತ್ತದೆ.