ಕಾಲ್ ರೆಕಾರ್ಡರ್: ಘೋಷಣೆಯ ಬಗ್ಗೆ ತಕರಾರಿಲ್ಲ, ಫೈಲ್‌ಗಳದ್ದೇ ಚಿಂತೆ

ರೇಟಿಂಗ್: 3/5

ಫೋನಿನ ಡಯಲರ್‌ನಲ್ಲೇ ಬರುವ ರೆಕಾರ್ಡರನ್ನು ವರ್ಷಗಟ್ಟಲೆಯಿಂದ ಬಳಸುತ್ತಿದ್ದೇನೆ. ಎರಡೂ ಕಡೆಯ ಮಾತು ಸ್ಪಷ್ಟವಾಗಿ ಬರುತ್ತದೆ, ಬ್ಯಾಟರಿಯ ಕಾಟವಿಲ್ಲ.

ಬಹಳ ಜನರ ಗೋಳು ಒಂದೇ: ಬಟನ್ ಒತ್ತಿದ ಕೂಡಲೇ 'ಈ ಕರೆ ರೆಕಾರ್ಡ್ ಆಗುತ್ತಿದೆ' ಅನ್ನುವುದು ಇಬ್ಬರಿಗೂ ಕೇಳಿಸುತ್ತದೆ, ಅದನ್ನು ತೆಗೆಯಿರಿ ಅಂತ. ನನಗಂತೂ ಇದರಲ್ಲಿ ಹಿಡಿಸಿದ್ದೇ ಅದು. ಯಾಕೆಂದರೆ ಕರೆ ರೆಕಾರ್ಡ್ ಮಾಡುವ ಕಾನೂನು ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಫೆಡರಲ್ (ಕೇಂದ್ರ) ಕಾನೂನಿಗೆ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು, ಆ ಒಬ್ಬರು ನೀವೇ ಆದರೂ ಸರಿ. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಗೋಪ್ಯ ಮಾತುಕತೆಗೆ ಎಲ್ಲರೂ ಒಪ್ಪಬೇಕು. ಜರ್ಮನಿಯಲ್ಲಿ ಕದ್ದು ರೆಕಾರ್ಡ್ ಮಾಡಿದರೆ ದಂಡಸಂಹಿತೆಯ 201ನೇ ಸೆಕ್ಷನ್ ಪ್ರಕಾರ ಜೈಲೂ ಆಗಬಹುದು. ಎದುರಿನವರು ಎಲ್ಲಿ ಕೂತು ಮಾತಾಡುತ್ತಿದ್ದಾರೋ ಯಾರಿಗೆ ಗೊತ್ತು? ಘೋಷಣೆ ಕೇಳಿದ ಮೇಲೂ ಅವರು ಮಾತು ಮುಂದುವರಿಸಿದರೆ ಕದ್ದು ಮಾಡಿದೆ ಅನ್ನುವ ಆರೋಪಕ್ಕೆ ಜಾಗವಿರುವುದಿಲ್ಲ. ಆಪಲ್ ಕೂಡ 2024ರಲ್ಲಿ ಐಫೋನಿನ ಐಒಎಸ್ 18.1 ತಂತ್ರಾಂಶದೊಂದಿಗೆ ರೆಕಾರ್ಡಿಂಗ್ ಕೊಟ್ಟಾಗ ಘೋಷಣೆ ಸೇರಿಸಿಯೇ ಕೊಟ್ಟಿತು.

ಸದ್ದಿಲ್ಲದೆ ರೆಕಾರ್ಡ್ ಮಾಡುವ ಎಪಿಕೆ (ಪ್ಲೇ ಸ್ಟೋರಿನ ಹೊರಗಿಂದ ಹಾಕಿಕೊಳ್ಳುವ ಆ್ಯಪ್ ಫೈಲ್) ಹುಡುಕುವವರಿಗೆ ಒಂದು ಮಾತು. ಅಂಥ ಆ್ಯಪ್‌ಗಳು ಕೇಳುವುದು ಹೆಚ್ಚಾಗಿ ಆಕ್ಸೆಸಿಬಿಲಿಟಿ ಅನುಮತಿ, ಅಂದರೆ ಅಂಗವಿಕಲರ ನೆರವಿಗೆಂದು ಇರುವ, ಪರದೆಯಲ್ಲಿರುವುದನ್ನು ಓದಲು ಬಿಡುವ ಅನುಮತಿ. ಕೊಟ್ಟರೆ ಪರದೆ ಮೇಲೆ ಬರುವ ಒಟಿಪಿಯನ್ನೂ ಅದು ಓದಬಲ್ಲದು. ಗೂಗಲ್ 2022ರಲ್ಲಿ ಪ್ಲೇ ಸ್ಟೋರ್ ಆ್ಯಪ್‌ಗಳಿಗೆ ಈ ದಾರಿಯನ್ನೇ ಮುಚ್ಚಿತು.

ಎರಡು ಸ್ಟಾರ್ ಕಳೆದದ್ದು ಉಳಿಸುವ ರೀತಿಗೆ. ಫೈಲಿನ ಹೆಸರಲ್ಲೇ ಎದುರಿನವರ ನಂಬರು, ತಾರೀಖು. ಅದು ಹೋಗಿ ಕೂರುವುದು ಎಲ್ಲ ಆ್ಯಪ್‌ಗೂ ಕಾಣುವ ಫೋಲ್ಡರಿನಲ್ಲಿ. ಒಮ್ಮೆ ನಾಲ್ಕು ಜನರ ಮಧ್ಯೆ ಷಫಲ್‌ನಲ್ಲಿ ಹಾಡು ಹಾಕಿದರೆ ಎರಡು ಹಾಡಿನ ನಡುವೆ ಗೆಳೆಯನೊಬ್ಬನ ಸಾಲದ ಕಥೆ ಶುರುವಾಯಿತು! ಕ್ಲೌಡ್ ಬ್ಯಾಕಪ್ ಆನ್ ಇದ್ದರೆ ಅದೆಲ್ಲ ಅಲ್ಲಿಗೂ ಹೋಗುತ್ತದೆ. ಪಾಸ್‌ವರ್ಡ್ ಇಲ್ಲ, ಇಷ್ಟು ದಿನಕ್ಕೆ ತಾನಾಗಿ ಅಳಿಸು ಅನ್ನುವ ಆಯ್ಕೆಯೂ ಇಲ್ಲ.

'ಕೋರ್ಟಲ್ಲಿ ನಡೆಯುತ್ತಾ?' ಅಂತ ಕೇಳುವವರಿದ್ದಾರೆ. ಗಂಡ-ಹೆಂಡಿರ ನಡುವಿನ ಗುಟ್ಟಿನ ರೆಕಾರ್ಡಿಂಗನ್ನೂ ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷಿಯಾಗಿ ಪರಿಗಣಿಸಬಹುದೆಂದು ಭಾರತದ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಹಾಗಂತ ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಲು ಪರವಾನಗಿ ಸಿಕ್ಕಂತಲ್ಲ.

ಈಗ ಆಟೋ ರೆಕಾರ್ಡ್ ಆಫ್ ಮಾಡಿ, ಕಸ್ಟಮರ್ ಕೇರ್ ಕರೆಗಳಿಗೆ ಮಾತ್ರ ಬಟನ್ ಒತ್ತುತ್ತೇನೆ. ಮುಂದಿನ ಅಪ್‌ಡೇಟ್‌ನಲ್ಲಿ ಫೋಲ್ಡರಿಗೊಂದು ಲಾಕ್ ಕೊಟ್ಟರೆ ನಾಲ್ಕನೇ ಸ್ಟಾರ್ ಸೇರಿಸುತ್ತೇನೆ.