ಹಳೆಯ ಟರ್ನ್‌ಟೇಬಲ್‌ನ ಪುಲ್ಲಿಗೆ ಎಮರಿ ಕಾಗದ ತಾಗದಂತೆ ನೋಡಿಕೊಳ್ಳಿ

ಕೊಡಗಿನ ತೋಟದ ಮನೆಗಳಲ್ಲಿ ಹಳೆಯ ರೆಕಾರ್ಡ್ ಪ್ಲೇಯರುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ರಬ್ಬರ್ ಚಕ್ರದಿಂದ ತಟ್ಟೆಯನ್ನು ತಿರುಗಿಸುವ ಬಗೆಯದೊಂದು ನಿಮ್ಮಲ್ಲಿದ್ದು, ಅದು ನಿಧಾನವಾಗಿ ತಿರುಗುತ್ತಿದೆ ಎಂಬ ಕಾರಣಕ್ಕೆ ರಿಪೇರಿಗೆ ಕೊಡಬೇಕೆಂದಿದ್ದರೆ, ಕೊಡುವ ಮೊದಲು ಇದನ್ನು ದಯವಿಟ್ಟು ಓದಿ. ಸಿದ್ದಾಪುರದ ಸಮೀಪ ನನ್ನ ಸೋದರಮಾವನ ಮನೆಯಲ್ಲಿರುವ ಗ್ಯಾರಾರ್ಡ್ 401ಕ್ಕೆ ಆದ ಗತಿ ಇನ್ನೊಂದು ಯಂತ್ರಕ್ಕೆ ಆಗಬಾರದು.

ಇಂಗ್ಲೆಂಡಿನಲ್ಲಿ ತಯಾರಾಗಿ 1965ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯಲ್ಲಿ ಬೆಲ್ಟ್ ಇಲ್ಲ. ಮೋಟರಿನ ದಂಡದ ಮೇಲೆ ಮೂರು ಮೆಟ್ಟಿಲುಗಳ ಪುಲ್ಲಿ ಇರುತ್ತದೆ. ನಿಮಿಷಕ್ಕೆ 33⅓, 45 ಮತ್ತು 78 ಸುತ್ತಿನ ವೇಗಗಳಿಗೆ ಒಂದೊಂದು ಮೆಟ್ಟಿಲು. ಪುಲ್ಲಿಗೂ ತಟ್ಟೆಯ ಒಳ ಅಂಚಿಗೂ ನಡುವೆ ರಬ್ಬರ್ ಅಂಚಿನ ಐಡ್ಲರ್ ಚಕ್ರ ಒತ್ತಿಕೊಂಡು ನಿಂತು, ಒಂದರ ಓಟವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ವೇಗವನ್ನು ಸೂಕ್ಷ್ಮವಾಗಿ ಸರಿಪಡಿಸುವ ಗುಂಡಿಯೊಂದಿದೆಯಾದರೂ ಅದು ಮೋಟರಿನ ಓಟವನ್ನು ಅಯಸ್ಕಾಂತದ ಬ್ರೇಕಿನಿಂದ ತಗ್ಗಿಸಬಲ್ಲದೇ ಹೊರತು ಹೆಚ್ಚಿಸಲಾರದು. ಈ ಮಾತು ಮುಂದೆ ಬೇಕಾಗುತ್ತದೆ.

ಮಾವನ ಯಂತ್ರದ ತೊಂದರೆ ನಿಜವಾಗಿ ಸಣ್ಣದು. ಕಕ್ಕಡದ ಮಳೆಯಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಬೂಷ್ಟು ಹಿಡಿದ ರೆಕಾರ್ಡುಗಳ ಪಕ್ಕ, ವರ್ಷಗಟ್ಟಲೆ ಓಡದೆ ಕುಳಿತಿದ್ದರಿಂದ ಒಳಗಿನ ಎಣ್ಣೆ ಅಂಟಾಗಿತ್ತು. ತಟ್ಟೆಯಂಚಿನ ಸ್ಟ್ರೋಬ್ ಗೆರೆಗಳು ಮಿಣುಕುವ ದೀಪದ ಬೆಳಕಿನಲ್ಲಿ ವೇಗ ಸರಿಯಿದ್ದರೆ ನಿಂತಂತೆ ಕಾಣುತ್ತವೆ; ಚಾಲೂ ಮಾಡಿದಾಗ ಅವು ಹಿಂದಕ್ಕೆ ಸರಿಯುತ್ತಿದ್ದವು. ಮೋಟರು ಬಿಸಿಯೇರಿದಂತೆ ಅವು ನಿಧಾನವಾಗಿ ನಿಲ್ಲುತ್ತ ಬರುತ್ತಿದ್ದವು. ಹೀಗೆ ಓಡುತ್ತ ಓಡುತ್ತ ಸುಧಾರಿಸುವ ಯಂತ್ರಕ್ಕೆ ಬೇಕಾದದ್ದು ಹಳೆಯ ಎಣ್ಣೆಯನ್ನು ತೊಳೆದು ಹೊಸ ಎಣ್ಣೆ ಹಾಕುವುದು, ಅಷ್ಟೇ.

ಬಯಲುಸೀಮೆಯ ನಗರವೊಂದರ ರಿಪೇರಿಯವರು ಹಾಗೆ ಎಣಿಸಲಿಲ್ಲ. "ಪುಲ್ಲಿ ನುಣುಪಾಗಿ ಹಿಡಿತ ಹೋಗಿದೆ ಸಾರ್, ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ" ಎಂದು ಫೋನಿನಲ್ಲಿ ಮಾವನಿಗೆ ಹೇಳಿದರು. ಉಜ್ಜುವುದು ಬೇಡ, ಎಣ್ಣೆ ಮಾತ್ರ ಬದಲಿಸಿ ಎಂದು ಮಾವ ಸ್ಪಷ್ಟವಾಗಿ ತಿಳಿಸಿದ ಮೇಲೂ ಕೆಲಸ ನಡೆದುಹೋಗಿತ್ತು. ಪಾರ್ಸೆಲ್ ಬಿಚ್ಚಿದಾಗ ಭಾರದ ತಟ್ಟೆಯನ್ನು ತೆಗೆಯದೆ ಹಾಗೆಯೇ ಕಳುಹಿಸಿದ್ದು ಮೊದಲು ಕಂಡಿತು. ತಟ್ಟೆ ಎತ್ತಿ ಭೂತಗನ್ನಡಿಯಲ್ಲಿ ನೋಡಿದರೆ ಪುಲ್ಲಿಯ 33⅓ರ ಮೆಟ್ಟಿಲಿನ ಮೇಲೆ ಎಮರಿ ಕಾಗದದ ಗೆರೆಗಳು ಸುತ್ತು ಸುತ್ತಾಗಿ ಹೊಳೆಯುತ್ತಿದ್ದವು, ಮೆಟ್ಟಿಲಿನ ಮೇಲಂಚು ಕೆಳಗಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ಸವೆದಿತ್ತು, ಆ ಲೋಹದ ಪುಡಿ ಐಡ್ಲರ್‌ನ ರಬ್ಬರಿನಲ್ಲಿ ಕೂತಿತ್ತು. ಸಾಲದ್ದಕ್ಕೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಮೋಟರಿನ ದಂಡ ತಿರುಗುವ ಬುಷ್‌ಗಳಿಗೆ ಹೊಡೆದಿದ್ದರು. ಅಂಥ ಸ್ಪ್ರೇ ಇದ್ದ ಎಣ್ಣೆಯನ್ನೂ ತೊಳೆದುಹಾಕಿ ತಾನು ಬೇಗ ಆರಿಹೋಗುತ್ತದೆ. ರಬ್ಬರಿನ ಮೇಲೆ ಸಿಡಿದರೆ ಚಕ್ರ ಜಾರುತ್ತದೆ.

ಎಮರಿ ಕಾಗದದಿಂದ ಹೋಗುವುದು ಎಷ್ಟು ಮಹಾ ಎಂದು ಕೇಳಬಹುದು. 6 ಮಿಲಿಮೀಟರ್ ವ್ಯಾಸದ ಮೆಟ್ಟಿಲೊಂದರಿಂದ 0.1 ಮಿಲಿಮೀಟರ್ ಕಳೆದರೆ 33⅓ರ ವೇಗ ಸುಮಾರು 32.8ಕ್ಕೆ ಇಳಿಯುತ್ತದೆ. ಗುಂಡಿಯನ್ನು ವೇಗದ ಕಡೆಯ ತುದಿಗೆ ತಿರುಗಿಸಿದರೆ ಬ್ರೇಕು ಸಡಿಲವಾಗಬಹುದು, ಹೋದ ಲೋಹ ಬರುವುದಿಲ್ಲ. ಮೆಟ್ಟಿಲು ಓರೆಯಾಗಿ ಸವೆದಿದ್ದರೆ ಚಕ್ರ ಮೇಲೆ ಕೆಳಗೆ ಅಲೆದು ಶ್ರುತಿಯೂ ತೇಲುತ್ತದೆ. ಪಿಯಾನೋದ ಉದ್ದನೆಯ ಸ್ವರದಲ್ಲಿ ಅದು ಅಸಹ್ಯವಾಗಿ ಕೇಳುತ್ತದೆ.

ರಿಪೇರಿಯವರಿಗೆ ಕೆಲಸ ಗೊತ್ತಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಐಡ್ಲರ್ ಚಕ್ರ ಸವೆದು ಚಿಕ್ಕದಾದರೆ ವೇಗ ಬದಲಾಗುತ್ತದೆಯೇ? ಜಾರದಿರುವ ತನಕ ಬದಲಾಗುವುದಿಲ್ಲ. ಪುಲ್ಲಿಯ ಅಂಚಿನ ಓಟವೇ ಚಕ್ರದ ಅಂಚಿನ ಮೂಲಕ ತಟ್ಟೆಗೆ ದಾಟುವುದರಿಂದ ನಡುವಿನ ಚಕ್ರದ ಗಾತ್ರ ಲೆಕ್ಕಕ್ಕೆ ಬರುವುದಿಲ್ಲ. "ಚಕ್ರ ಚಿಕ್ಕದಾಗಿದೆ, ಅದಕ್ಕೇ ಸ್ಪೀಡ್ ಬಿದ್ದಿದೆ" ಎನ್ನುವವರಿಂದ ಯಂತ್ರವನ್ನು ವಾಪಸ್ ತನ್ನಿ. ರಬ್ಬರು ಗಟ್ಟಿಯಾಗಿದ್ದರೆ ಚಕ್ರವನ್ನು ಬದಲಿಸಬಹುದು, ಹೊಸ ರಬ್ಬರನ್ನೂ ಕಟ್ಟಿಸಬಹುದು. ಪುಲ್ಲಿಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಕೂಡದು. ಕೊಡುವ ಮೊದಲು ಪುಲ್ಲಿಯ ಫೋಟೋ ಹತ್ತಿರದಿಂದ ತೆಗೆದಿಡಿ. ನಮ್ಮ ಬಳಿ ಅದು ಇದ್ದುದರಿಂದಲೇ "ಮೊದಲೇ ಹಾಗಿತ್ತು" ಎಂಬ ಉತ್ತರ ನಿಲ್ಲಲಿಲ್ಲ. ಆದರೂ ಹಣ ಮರಳಲಿಲ್ಲ.

ವಾಪಸು ಬಂದ ಮೇಲೆ ಪರೀಕ್ಷಿಸುವಾಗ ಚೆಸ್ಕಾಂ ಕರೆಂಟ್ ಇರುವ ಹೊತ್ತನ್ನೇ ನೋಡಿ. ಮಳೆಗಾಲದಲ್ಲಿ ತೋಟದ ಜನರೇಟರ್ ಮೇಲೆ ಓಡಿಸಿದರೆ ಮೋಟರಿನ ವೇಗವೂ ಸ್ಟ್ರೋಬ್ ದೀಪದ ಮಿಣುಕೂ ಕರೆಂಟಿನ ಒಂದೇ ಫ್ರೀಕ್ವೆನ್ಸಿಯ (ಹರ್ಟ್ಸ್) ಜೊತೆ ಏರಿಳಿಯುವುದರಿಂದ, ಗೆರೆಗಳು ನಿಂತಂತೆ ಕಂಡರೂ ಹಾಡು ಶ್ರುತಿ ತಪ್ಪಿರುತ್ತದೆ.

ಮಾವ ಈಗ ಹೊಸ ಪುಲ್ಲಿ ಹುಡುಕುತ್ತಿದ್ದಾರೆ. ಅಲ್ಲಿಯೂ ಒಂದು ಹೊಂಡವಿದೆ: ಅಮೆರಿಕದ 60 ಹರ್ಟ್ಸ್ ಕರೆಂಟಿಗೆಂದು ಮಾಡಿದ ಪುಲ್ಲಿಗಳೂ ಮಾರಾಟಕ್ಕಿರುತ್ತವೆ, ನೋಡಲು ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅದನ್ನು ನಮ್ಮ 50 ಹರ್ಟ್ಸ್‌ನಲ್ಲಿ ಹಾಕಿದರೆ 33⅓ರ ರೆಕಾರ್ಡು 28ಕ್ಕೂ ಕಡಿಮೆ ವೇಗದಲ್ಲಿ ತಿರುಗುತ್ತದೆ. ಮಾರುವವರು ಹರ್ಟ್ಸ್ ಎಷ್ಟೆಂದು ಬರೆದುಕೊಡದಿದ್ದರೆ ಹಣ ಕಳುಹಿಸಬೇಡಿ.